ಲಿಂಟಟ್, ಈವ್ಲಿನ್ ಹೆನ್ರಿ (1883-1916)

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಪ್ರಸಿದ್ಧನಾಗಿದ್ದ ಇಂಗ್ಲಿಷ್ ಫುಟ್‌ಬಾಲ್ ಆಟಗಾರ, ಪ್ರಾಥಮಿಕ ಶಾಲೆಯ ಉಪಾಧ್ಯಾಯ, ವೃತ್ತಿಪರ ಆಟಗಾರರ ಸಂಘದ ಅಧ್ಯಕ್ಷ, ಪ್ರಥಮ ಮಹಾಯುದ್ಧದಲ್ಲಿ ಮಡಿದ ಸೇನಾಧಿಕಾರಿ. ಜನನ 1883ರ ನವೆಂಬರ್ 2ರಂದು, ಸರ್ರೆ ಪ್ರಾಂತ್ಯದ ಗೊಡಾಲ್ಮಿಂಗ್ ಪಟ್ಟಣದಲ್ಲಿ. ಮರಣ 1916ರ ಜುಲೈ 1ರಂದು, ಫ್ರಾನ್ಸಿನ ಸೆರ್ ಎಂಬ ಹಳ್ಳಿಯ ಮುಂದಣ ರಣಭೂಮಿಯಲ್ಲಿ. ಹವ್ಯಾಸಿ ಆಟಗಾರನಾಗಿಯೂ ವೃತ್ತಿಪರ ಆಟಗಾರನಾಗಿಯೂ ಇಂಗ್ಲೆಂಡಿನ ಪರವಾಗಿ ಆಡಿದ ವಿರಳರಲ್ಲಿ ಈತನೊಬ್ಬ. ಆಟಕ್ಕೆ ವೇತನ ಪಡೆಯಲಾರಂಭಿಸಿದ ಮೇಲೂ ಪಾಠ ಹೇಳುವುದನ್ನು ಬಿಡಲಿಲ್ಲವೆಂಬುದು ಈತನ ಜೀವನದ ವೈಶಿಷ್ಟ್ಯ. ಗೋಲು ಹೊಡೆದು ಹೆಸರು ಗಳಿಸಿದವರ ಪಂಕ್ತಿಗೆ ಈತನು ಸೇರಿದವನಲ್ಲ. ಆದರೆ ಇಂಗ್ಲೆಂಡಿನಲ್ಲಿ ಆಟವು ಹೇಗೆ ಉದ್ಯೋಗವಾಯಿತು, ಆಡುವವರು ಹೇಗೆ ಕೂಲಿಕಾರರಾದರು, ಆ ಕೂಲಿಕಾರರು ತಮ್ಮ ಹಕ್ಕುಗಳಿಗಾಗಿ ಹೇಗೆ ಒಟ್ಟುಗೂಡಿದರು ಎಂಬುದನ್ನು ಒಬ್ಬ ಮನುಷ್ಯನ ಬಾಳಿನಲ್ಲಿ ಕಾಣಬೇಕೆನ್ನುವವರಿಗೆ ಮೂವತ್ತಮೂರು ವರ್ಷವನ್ನೂ ತುಂಬದ ಈ ಜೀವಿತವು ಸಾಕಷ್ಟು ಸಾಮಗ್ರಿಯನ್ನು ಒದಗಿಸುವುದು.

ಲಿಂಟಟ್ ಹುಟ್ಟಿದ ವರ್ಷವೇ ಇಂಗ್ಲಿಷ್ ಫುಟ್‌ಬಾಲಿನ ಇತಿಹಾಸದಲ್ಲಿ ಒಂದು ಸಂಧಿಕಾಲವಾಗಿದ್ದಿತು. 1863ರಲ್ಲಿ ಲಂಡನ್ನಿನ ಪಾನಗೃಹವೊಂದರಲ್ಲಿ ಸಭೆ ಸೇರಿದ ಕೆಲವು ಮಂದಿ ಗೃಹಸ್ಥರು ಫುಟ್‌ಬಾಲ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿ ಆಟದ ನಿಯಮಗಳನ್ನು ಗೊತ್ತುಪಡಿಸಿದ ದಿನದಿಂದ ಇಪ್ಪತ್ತು ವರ್ಷಗಳ ಕಾಲ, ಈಟನ್, ಹ್ಯಾರೋ ಮೊದಲಾದ ಶ್ರೀಮಂತರ ವಸತಿಶಾಲೆಗಳಲ್ಲಿ ಕಲಿತವರೇ ಆ ಆಟದ ಒಡೆಯರಾಗಿದ್ದರು. 1883ರ ಮಾರ್ಚ್ 31ರಂದು ನಡೆದ ಎಫ್.ಎ. ಕಪ್‌ನ ಅಂತಿಮ ಪಂದ್ಯದಲ್ಲಿ, ನೇಕಾರರೂ ಎರಕದ ಕೆಲಸಗಾರರೂ ಕೂಡಿದ್ದ ಲ್ಯಾಂಕಷೈರಿನ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ತಂಡವು ಈಟನ್ನಿನ ಹಳೆಯ ವಿದ್ಯಾರ್ಥಿಗಳ ತಂಡವನ್ನು 2-1ರಿಂದ ಸೋಲಿಸಿದ ಮೇಲೆ ಆ ಒಡೆತನವು ಕೈಜಾರಿತು. ವಾರವಿಡೀ ಗಿರಣಿಯಲ್ಲಿ ದುಡಿದು ಶನಿವಾರ ಮಧ್ಯಾಹ್ನ ಆಡುವವನಿಗೆ, ಅಭ್ಯಾಸಕ್ಕೂ ಪ್ರಯಾಣಕ್ಕೂ ಕಳೆದುಕೊಂಡ ಕೂಲಿಯನ್ನು ಯಾರಾದರೂ ತುಂಬಿಕೊಡದೆ ಗತ್ಯಂತರವಿರಲಿಲ್ಲ. ಉತ್ತರದ ಕ್ಲಬ್ಬುಗಳು ಗುಟ್ಟಾಗಿ ತುಂಬಿಕೊಡುತ್ತಿದ್ದವು. ದಕ್ಷಿಣದ ಗೃಹಸ್ಥರಿಗೆ ಇದು ಅಸಹ್ಯವಾಯಿತು. 1884ರಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ತಂಡವನ್ನು ಈ ಅಪರಾಧಕ್ಕಾಗಿ ಕಪ್ ಪಂದ್ಯಗಳಿಂದ ಹೊರಹಾಕಿದುದೂ, ಉತ್ತರದ ಕ್ಲಬ್ಬುಗಳು ಬೇರೆಯೇ ಸಂಸ್ಥೆ ಕಟ್ಟುವೆವೆಂದು ಬೆದರಿಸಿದುದೂ, ಕಡೆಗೆ 1885ರ ಜುಲೈ ತಿಂಗಳಲ್ಲಿ ವೇತನ ಪಡೆದು ಆಡುವುದು ನಿಯಮಬದ್ಧವೆಂದು ಫುಟ್‌ಬಾಲ್ ಅಸೋಸಿಯೇಷನ್ ಒಪ್ಪಿಕೊಂಡುದೂ ಒಂದರ ಬೆನ್ನಿಗೆ ಒಂದರಂತೆ ನಡೆದುಹೋದವು. ಲಿಂಟಟ್ ಆಗ ಎರಡು ವರ್ಷವೂ ತುಂಬದ ಕೂಸು.

ಒಪ್ಪಿಕೊಂಡರೆಂದ ಮಾತ್ರಕ್ಕೆ ಗೌರವಿಸಿದರೆಂದು ತಿಳಿಯಬಾರದು. ವೃತ್ತಿಪರನಾದವನು ತನ್ನ ಹೆಸರನ್ನು ಕ್ಲಬ್ಬಿನಲ್ಲಿ ದಾಖಲೆ ಮಾಡಿಸಬೇಕು. ಒಮ್ಮೆ ದಾಖಲಾದ ಮೇಲೆ ಕರಾರಿನ ಅವಧಿ ಮುಗಿದರೂ ಆ ಕ್ಲಬ್ಬಿನ ಸಮ್ಮತಿಯಿಲ್ಲದೆ ಇನ್ನೊಂದು ಕ್ಲಬ್ಬಿಗೆ ಹೋಗುವಂತಿಲ್ಲ. ಹೋಗಗೊಟ್ಟರೆ ಅದಕ್ಕಾಗಿ ಹೊಸ ಕ್ಲಬ್ಬು ಹಳೆಯದಕ್ಕೆ ಹಣ ತೆರಬೇಕು. 1901ರಿಂದ ಈಚೆಗೆ ವಾರಕ್ಕೆ 4 ಪೌಂಡಿಗೆ ಮೀರಿ ಯಾವ ಆಟಗಾರನಿಗೂ ವೇತನ ಸಲ್ಲಿಸಕೂಡದೆಂಬ ಕಟ್ಟಳೆಯೂ ಇದಕ್ಕೆ ಸೇರಿತು. ಹವ್ಯಾಸಿಯ ಸ್ಥಿತಿಯಾದರೋ ಬೇರೆ. ಅವನಿಗೆ ಪ್ರಯಾಣದ ವೆಚ್ಚವಲ್ಲದೆ ಬೇರೇನೂ ಇಲ್ಲ. ಆದರೆ ಇಂದು ಒಂದು ತಂಡಕ್ಕೆ ಆಡಿ ನಾಳೆ ಇನ್ನೊಂದಕ್ಕೆ ಆಡುವ ಸ್ವಾತಂತ್ರ್ಯವುಂಟು, ಅವನ ಹೋಗುಬರುವಿಕೆಗೆ ಯಾರೂ ಯಾರಿಗೂ ಕಾಸು ಕೊಡಬೇಕಾಗಿಲ್ಲ. ಹೀಗಾಗಿ ಹಣ ಪಡೆಯದವನು ತನ್ನ ಮೈಗೆ ತಾನೇ ಒಡೆಯನಾಗಿಯೂ, ಹಣ ಪಡೆಯುವವನು ಕ್ಲಬ್ಬಿನ ಸೊತ್ತಾಗಿಯೂ ಉಳಿಯುವಂತಹ ವಿಚಿತ್ರ ವ್ಯವಸ್ಥೆಯೊಂದು ಏರ್ಪಟ್ಟಿತು. ಲಿಂಟಟ್ಟನ ಜೀವನದ ಮುಖ್ಯ ತಿರುವು ಈ ವ್ಯವಸ್ಥೆಯ ಒಡಲಿನಿಂದಲೇ ಹುಟ್ಟಿದುದಾದ್ದರಿಂದ ಇಷ್ಟು ವಿವರ ಅವಶ್ಯವಾಯಿತು.

ಗಿಲ್ಡ್‌ಫರ್ಡಿನ ರಾಯಲ್ ಗ್ರಾಮರ್ ಸ್ಕೂಲಿನಲ್ಲಿ ಓದಿದ ಲಿಂಟಟ್, ಉಪಾಧ್ಯಾಯ ವೃತ್ತಿಗೆ ಬೇಕಾದ ಶಿಕ್ಷಣವನ್ನು ಡೆವನ್ ಪ್ರಾಂತ್ಯದ ಎಕ್ಸಿಟರ್ ನಗರದ ಸೇಂಟ್ ಲ್ಯೂಕ್ಸ್ ಕಾಲೇಜಿನಲ್ಲಿ ಪಡೆದನು. ಇದು ಇಂಗ್ಲೆಂಡಿನ ಚರ್ಚಿನ ಆಶ್ರಯದಲ್ಲಿ 1839ರಲ್ಲಿ ಸ್ಥಾಪಿತವಾದ ಅಧ್ಯಾಪಕರ ತರಬೇತು ಸಂಸ್ಥೆ. 1902ರ ಶಿಕ್ಷಣ ಶಾಸನದಿಂದ ಊರೂರಿನ ಶಾಲೆಗಳು ಸ್ಥಳೀಯ ಸರ್ಕಾರಗಳ ಆಡಳಿತಕ್ಕೆ ಬಂದು, ತರಬೇತಾದ ಉಪಾಧ್ಯಾಯರಿಗೆ ಬೇಡಿಕೆ ಹೆಚ್ಚುತ್ತಿದ್ದ ಕಾಲವದು. ಪ್ರಾಥಮಿಕ ಶಾಲೆಯ ಉಪಾಧ್ಯಾಯನ ಸಾಮಾಜಿಕ ಸ್ಥಾನವು ಆ ದೇಶದಲ್ಲಿ ಎರಡು ಮೆಟ್ಟಲುಗಳ ನಡುವಣದಾಗಿದ್ದಿತು. ಆತನು ಬಿಳಿಯ ಕಾಲರು ಧರಿಸುವವನು, ಅಕ್ಷರಸ್ಥ, ಪರೀಕ್ಷೆ ಕೊಟ್ಟು ತೇರ್ಗಡೆಯಾದವನು. ಆದರೆ ಆಕ್ಸ್‌ಫರ್ಡ್, ಕೇಂಬ್ರಿಜುಗಳಿಂದ ಬಂದು ಶ್ರೀಮಂತರ ಮಕ್ಕಳಿಗೆ ಲ್ಯಾಟಿನ್ ಹೇಳಿಕೊಡುವ ಗುರುಗಳ ಸಾಲಿನಲ್ಲಿ ಆತನಿಗೆ ಆಸನವಿಲ್ಲ. ಆತನ ಎದುರಿಗೆ ಕೂತವರು ಕಾರ್ಮಿಕರ ಮಕ್ಕಳು. ಅನೇಕ ವೇಳೆ ಆತನೂ ಅಂತಹ ಮನೆಗಳಿಂದಲೇ ಬಂದವನು. ಫುಟ್‌ಬಾಲನ್ನು ಈ ಮಕ್ಕಳಿಗೆ ಹತ್ತಿಸಿದವರೂ ಮುಖ್ಯವಾಗಿ ಇಂತಹ ಉಪಾಧ್ಯಾಯರೇ. ಶಾಲೆ ಬಿಟ್ಟ ಮೇಲೆ, ಬಿಡುವಿನ ಶನಿವಾರಗಳಲ್ಲಿ, ಸಂಬಳದ ಮಾತಿಲ್ಲದೆ ಹುಡುಗರ ತಂಡಗಳನ್ನು ಕಟ್ಟಿ ಆಡಿಸಿದವರು ಅವರು. ಇಂಗ್ಲೆಂಡಿನ ಶಾಲಾ ಫುಟ್‌ಬಾಲ್ ಸಂಘವು 1904ರಲ್ಲಿ ಸ್ಥಾಪನೆಯಾದುದು ಅವರ ಪ್ರಯತ್ನದಿಂದಲೇ.

ಲಿಂಟಟ್ಟನ ಆಟವು ಮೊದಲು ಬೆಳಕಿಗೆ ಬಂದುದು ಸರ್ರೆಯ ವೋಕಿಂಗ್ ಕ್ಲಬ್ಬಿನಲ್ಲಿ. ಈತನ ಸೋದರ, ಮುಂದೆ ಕ್ರೀಡಾ ಪತ್ರಕರ್ತನಾದ ಸ್ಟೇಸಿಯೂ ಅಲ್ಲಿ ಆಡುತ್ತಿದ್ದನು. ಅನಂತರ ಡೆವನ್ನಿನ ಪ್ಲಿಮತ್ ಆರ್ಗೈಲ್ ತಂಡಕ್ಕೆ ಕೆಲವೇ ಆಟಗಳನ್ನಾಡಿ, 1907ರಲ್ಲಿ ಲಂಡನ್ನಿನ ಪಶ್ಚಿಮ ಭಾಗದ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತಂಡವನ್ನು ಸೇರಿದನು. ಆ ಪ್ರದೇಶದ ವಿಲ್ಸ್‌ಡನ್ನಿನಲ್ಲಿ ಉಪಾಧ್ಯಾಯನಾಗಿದ್ದನು. ಕ್ಲಬ್ಬಿನ ಅಂದಿನ ಮೈದಾನವಾದ ಪಾರ್ಕ್ ರಾಯಲ್ ಅಲ್ಲಿಗೆ ದೂರವಲ್ಲ. ವಾರದ ಐದು ದಿನ ತರಗತಿ, ಶನಿವಾರ ಮಧ್ಯಾಹ್ನ ಪಂದ್ಯ; ಎರಡು ಕೆಲಸಗಳೂ ಒಂದನ್ನೊಂದು ತಳ್ಳದೆ ಸಾಗಿದವು. ಆ ವರ್ಷ ರೇಂಜರ್ಸ್ ತಂಡವು ಸದರನ್ ಲೀಗಿನಲ್ಲಿ ಅಗ್ರಸ್ಥಾನ ಪಡೆಯಿತು. ಸದರನ್ ಲೀಗು ವೃತ್ತಿಪರ ತಂಡಗಳ ಕೂಟ; ಅಲ್ಲಿಯ ಬಹುಮಂದಿ ಸಹಚರರು ವಾರವಾರವೂ ಕೂಲಿ ಎಣಿಸಿಕೊಳ್ಳುತ್ತಿರುವಾಗ ಹವ್ಯಾಸಿಯಾದ ಉಪಾಧ್ಯಾಯನೊಬ್ಬನು ಬರಿಗೈಯಲ್ಲಿ ಅವರೊಡನೆ ಹೆಗಲಿಗೆ ಹೆಗಲು ಕೊಟ್ಟು ಆಡುತ್ತಿದ್ದನು. ದಕ್ಷಿಣ ಇಂಗ್ಲೆಂಡಿನಲ್ಲಿ ಇಂತಹ ಸಹವಾಸವೇ ಆಗ ಜಗಳದ ವಿಷಯವಾಗಿದ್ದಿತೆಂಬುದನ್ನು ನೆನೆಯಬೇಕು. ವೃತ್ತಿಪರರ ಕ್ಲಬ್ಬುಗಳನ್ನೂ ಪ್ರಾಂತೀಯ ಸಂಘಗಳಿಗೆ ಸೇರಿಸಿಕೊಳ್ಳಬೇಕೆಂದು ಫುಟ್‌ಬಾಲ್ ಅಸೋಸಿಯೇಷನ್ ಪಟ್ಟುಹಿಡಿದಾಗ ಸರ್ರೆ ಮತ್ತು ಮಿಡ್ಲ್‌ಸೆಕ್ಸ್ ಪ್ರಾಂತ್ಯಗಳ ಗೃಹಸ್ಥರು ಸಿಟ್ಟಾಗಿ, 1907ರಲ್ಲಿ ಹವ್ಯಾಸಿಗಳಿಗೇ ಮೀಸಲಾದ ಪ್ರತ್ಯೇಕ ಸಂಸ್ಥೆಯೊಂದನ್ನು ಕಟ್ಟಿಕೊಂಡಿದ್ದರು. ಸರ್ರೆಯ ಮಗನಾದ ಲಿಂಟಟ್ಟನು ಆ ಗುಂಪಿಗೆ ಹೋಗಲಿಲ್ಲ.

ಈತನು ಆಡುತ್ತಿದ್ದುದು ಹಾಫ್‌ಬ್ಯಾಕ್ ಸ್ಥಾನದಲ್ಲಿ, ವಿಶೇಷವಾಗಿ ಎಡಗಡೆ. ಅಂದಿನ ವಿನ್ಯಾಸದಲ್ಲಿ ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು. ನಡುವಿನ ಪಕ್ಕದಲ್ಲಿ ನಿಂತವನ ಪಾಡು ಅತ್ಯಂತ ದುಡಿಮೆಯದು: ಎದುರಾಳಿಯ ಅಂಚಿನ ಆಟಗಾರನನ್ನು ಕಾಯಬೇಕು, ಕಸಿದುಕೊಂಡ ಚೆಂಡನ್ನು ತನ್ನವರ ಮುಂದಣ ಸಾಲಿಗೆ ಒಪ್ಪಿಸಬೇಕು, ಮರುಕ್ಷಣವೇ ಹಿಂದಕ್ಕೆ ಓಡಿಬರಬೇಕು. ನೋಡುವವರ ಕಣ್ಣು ಗೋಲಿನ ಬಾಯಲ್ಲಿರುವುದರಿಂದ ಈ ದುಡಿಮೆಗೆ ಚಪ್ಪಾಳೆ ಕಡಮೆ. ಆದರೂ ಆಯ್ಕೆಗಾರರ ದೃಷ್ಟಿ ಲಿಂಟಟ್ಟನ ಮೇಲೆ ಬಿದ್ದಿತು. ಹವ್ಯಾಸಿಗಳ ರಾಷ್ಟ್ರೀಯ ತಂಡದಲ್ಲಿ ಆಡಿದುದಲ್ಲದೆ, 1908ರ ಫೆಬ್ರವರಿಯಲ್ಲಿ ಬೆಲ್‌ಫಾಸ್ಟಿನಲ್ಲಿ ಐರ್ಲೆಂಡಿನ ಎದುರು ಇಂಗ್ಲೆಂಡಿನ ಪ್ರಧಾನ ತಂಡದಲ್ಲಿಯೂ ಸ್ಥಾನ ಪಡೆದನು. ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ಬಿನಿಂದ ಇಂಗ್ಲೆಂಡಿಗೆ ಆಡಿದವರಲ್ಲಿ ಈತನೇ ಮೊದಲಿಗ. ಅದಾದ ತಿಂಗಳಿಗೆ ರೆಕ್ಸಮ್ಮಿನಲ್ಲಿ ವೇಲ್ಸ್ ದೇಶದ ಮೇಲೆ 7-1ರ ಜಯ. ಏಪ್ರಿಲ್ 4ರಂದು ಗ್ಲಾಸ್ಗೋವಿನ ಹ್ಯಾಂಪ್ಡನ್ ಪಾರ್ಕಿನಲ್ಲಿ ಸ್ಕಾಟ್ಲೆಂಡಿನೊಡನೆ 1-1ರ ಸಮ. ಆ ದಿನ ಸೇರಿದ್ದ ಪ್ರೇಕ್ಷಕರ ಸಂಖ್ಯೆ 1,21,452. ಫುಟ್‌ಬಾಲ್ ಪಂದ್ಯವೊಂದಕ್ಕೆ ಅಷ್ಟು ಜನ ಅದುವರೆಗೆ ಎಲ್ಲಿಯೂ ನೆರೆದಿರಲಿಲ್ಲ. ಲಕ್ಷಕ್ಕೂ ಮಿಕ್ಕ ಆ ಜನಸ್ತೋಮವು ಪ್ರವೇಶಧನ ಕೊಟ್ಟು ಬಂದಿದ್ದ ಆಟದಲ್ಲಿ ಒಂದು ಕಾಸನ್ನೂ ಬಯಸದೆ ಓಡಾಡಿದವರಲ್ಲಿ ಶಾಲೆಯ ಈ ಉಪಾಧ್ಯಾಯನೂ ಒಬ್ಬ.

ಇಷ್ಟು ಮಾನ ದೊರೆತ ವರ್ಷದಲ್ಲಿಯೇ ಈತನು ಹವ್ಯಾಸಿಯ ಪದವಿಯನ್ನು ತೊರೆದುದೇಕೆ? ಕ್ವೀನ್ಸ್ ಪಾರ್ಕ್ ರೇಂಜರ್ಸ್ ತಂಡವು ತನ್ನ ಗೆಲವಿನ ಹುಮ್ಮಸ್ಸಿನಲ್ಲಿ ಸದರನ್ ಲೀಗಿಗೆ ರಾಜೀನಾಮೆ ಕೊಟ್ಟು, ಉತ್ತರದವರ ಫುಟ್‌ಬಾಲ್ ಲೀಗಿಗೆ ಸೇರಲು ಅರ್ಜಿ ಹಾಕಿತು. ಅದೇ ಸಾಹಸ ಮಾಡಿದ ಟಾಟನ್‌ಹ್ಯಾಮ್ ತಂಡಕ್ಕೆ ಕಡೆಯಲ್ಲಿ ಬಾಗಿಲು ತೆರೆಯಿತು, ರೇಂಜರ್ಸಿಗೆ ತೆರೆಯಲಿಲ್ಲ. ಹಳೆಯ ಮನೆಯ ಕದ ತಟ್ಟಿದಾಗ ಸದರನ್ ಲೀಗು ಕರೆದುಕೊಂಡಿತಾದರೂ ಪಂದ್ಯಗಳ ಪಟ್ಟಿ ಆಗಲೇ ಸಿದ್ಧವಾಗಿದ್ದುದರಿಂದ ವಾರದ ನಡುವಿನ ದಿನಗಳಲ್ಲಿ ಆಡಿಕೊಳ್ಳಬೇಕೆಂದು ಗೊತ್ತುಮಾಡಿತು. ವಾರದ ನಡುವೆ ದುಡಿಯುವ ಜನ ಪಂದ್ಯಕ್ಕೆ ಬರಲಾರರು. ಟಿಕೆಟ್ಟಿನ ಹಣ ಸೋರಿಹೋಯಿತು. ಕ್ಲಬ್ಬು ಸಾಲದ ದವಡೆಗೆ ಸಿಕ್ಕಿತು. ಕ್ಲಬ್ಬಿನಲ್ಲಿ ಅತ್ಯಂತ ಬೆಲೆಬಾಳುವ ಆಟಗಾರ ಲಿಂಟಟ್ಟನೇ. ಆದರೆ ಹವ್ಯಾಸಿಯಾಗಿರುವವರೆಗೆ ಅವನನ್ನು ಯಾರಿಗೂ ಮಾರುವಂತಿಲ್ಲ, ಅವನಿಂದ ಕ್ಲಬ್ಬಿಗೆ ಬಿಡಿಗಾಸೂ ಹುಟ್ಟುವಂತಿಲ್ಲ. ಕ್ಲಬ್ಬಿಗೆ ವರ್ಗಾವಣೆಯ ಹಣ ದೊರೆಯಲೆಂದು ಈತನು ವೃತ್ತಿಪರನ ಕಾಗದಕ್ಕೆ ರುಜು ಹಾಕಿದನೆಂದು ಹೇಳಲಾಗಿದೆ. 1908ರ ನವೆಂಬರಿನಲ್ಲಿ ಯಾರ್ಕ್‌ಷೈರಿನ ಬ್ರಾಡ್‌ಫರ್ಡ್ ಸಿಟಿ ಕ್ಲಬ್ಬು ಈತನನ್ನು ಪಡೆದುಕೊಂಡಿತು. ಕೊಟ್ಟ ಮೊತ್ತ ಸಾವಿರ ಪೌಂಡನ್ನು ಮೀರಿತ್ತೆಂದು ಪ್ರತೀತಿ. ಸಾಮಾನ್ಯವಾಗಿ ಮನುಷ್ಯನು ವೃತ್ತಿಪರನಾಗುವುದು ತನ್ನ ಲಾಭಕ್ಕಾಗಿ. ಇಲ್ಲಿಯಾದರೋ ಒಬ್ಬನು ತನ್ನ ಸ್ವಾತಂತ್ರ್ಯವನ್ನು ಬಿಟ್ಟುಕೊಟ್ಟದ್ದರ ಫಲವು ಹೆಚ್ಚಾಗಿ ಬೇರೆಯವರ ಪೆಟ್ಟಿಗೆಗೆ ಹೋಯಿತು. ಹವ್ಯಾಸಿಯೇ ನಿಃಸ್ವಾರ್ಥಿ, ವೃತ್ತಿಪರನು ಧನದಾಸ ಎಂದು ಅಂದಿನ ಪತ್ರಿಕೆಗಳು ಬರೆಯುತ್ತಿದ್ದ ಬೋಧನೆಗೆ ಇದಕ್ಕಿಂತ ಸ್ಪಷ್ಟವಾದ ಖಂಡನೆಯನ್ನು ಈ ಲೇಖಕನು ಕಂಡಿಲ್ಲ.

ಇದೇ ಕಾಲದ ಇನ್ನೊಬ್ಬ ಹಾಫ್‌ಬ್ಯಾಕ್ ಆಟಗಾರನನ್ನು ಪಕ್ಕದಲ್ಲಿಟ್ಟು ನೋಡಿದರೆ ಸಂಗತಿ ಇನ್ನಷ್ಟು ತಿಳಿಯಾಗುವುದು. ಕೆನೆತ್ ಹಂಟ್ ಆಕ್ಸ್‌ಫರ್ಡಿನಲ್ಲಿ ಓದಿ, ಮುಂದೆ ಪಾದ್ರಿಯಾಗಿ, ಲಂಡನ್ನಿನ ಹೈಗೇಟ್ ಶಾಲೆಯಲ್ಲಿ ಅಧ್ಯಾಪಕನಾದವನು. 1908ರಲ್ಲಿ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ತಂಡದ ಪರವಾಗಿ ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ ಗೋಲು ಹೊಡೆದು ಗೆದ್ದವನೂ, ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ ಒಲಿಂಪಿಕ್ ಕೂಟದಲ್ಲಿ ಡೆನ್ಮಾರ್ಕನ್ನು 2-0ರಿಂದ ಸೋಲಿಸಿ ಸ್ವರ್ಣಪದಕ ಪಡೆದ ತಂಡದಲ್ಲಿದ್ದವನೂ ಆತನೇ. ಕಡೆಯವರೆಗೂ ಹವ್ಯಾಸಿಯಾಗಿ ಉಳಿದನು. ಒಲಿಂಪಿಕ್ ತಂಡದಲ್ಲಿ ವೃತ್ತಿಪರನಿಗೆ ಸ್ಥಳವಿರಲಿಲ್ಲ. ಇಬ್ಬರೂ ಪಾಠ ಹೇಳಿದವರೇ, ಇಬ್ಬರೂ ಇಂಗ್ಲೆಂಡಿನ ಅಂಗಿ ತೊಟ್ಟವರೇ. ಆದರೆ ಒಬ್ಬನು ಗೃಹಸ್ಥರ ಶಾಲೆಯ ಗುರು, ಇನ್ನೊಬ್ಬನು ಬಡವರ ಶಾಲೆಯ ಮೇಷ್ಟ್ರು. ಹಂಟನ ಪ್ರಾಮಾಣಿಕತೆಯಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಅಂತಹ ಪ್ರಾಮಾಣಿಕತೆಯು ಯಾರಿಗೆ ಸುಲಭಸಾಧ್ಯವಾಗಿದ್ದಿತೆಂಬುದಷ್ಟೇ ಇಲ್ಲಿಯ ಪ್ರಶ್ನೆ.

ಬ್ರಾಡ್‌ಫರ್ಡ್ ಉಣ್ಣೆಯ ಗಿರಣಿಗಳ ನಗರ. ಇಂಗ್ಲೆಂಡಿನ ಸ್ವತಂತ್ರ ಕಾರ್ಮಿಕ ಪಕ್ಷವು 1893ರಲ್ಲಿ ಹುಟ್ಟಿದುದು ಇಲ್ಲಿಯೇ. ಪುರಸಭೆಯ ವೆಚ್ಚದಲ್ಲಿ ಶಾಲೆಯ ಬಡ ಮಕ್ಕಳಿಗೆ ಊಟ ಹಾಕುವುದನ್ನು 1907ರಲ್ಲಿ ಆರಂಭಿಸಿ ದೇಶಕ್ಕೆ ಮೇಲ್ಪಂಕ್ತಿ ಹಾಕಿಕೊಟ್ಟುದೂ, ಅದಕ್ಕೂ ಹತ್ತು ವರ್ಷ ಮುಂಚೆಯೇ ಶಾಲೆಯೊಳಗೆ ಮಕ್ಕಳಿಗೆ ಸ್ನಾನದ ಏರ್ಪಾಡು ಮಾಡಿದುದೂ ಈ ನಗರವೇ. ಇಂತಹ ಊರಿನಲ್ಲಿ ಲಿಂಟಟ್ ತನ್ನ ಉಪಾಧ್ಯಾಯ ವೃತ್ತಿಯನ್ನು ಮುಂದುವರಿಸಿದನು. ವಾರದ ದಿನಗಳಲ್ಲಿ ಹಸಿದ ಮಕ್ಕಳು ಉಂಡು ಬಂದು ಕೂತ ತರಗತಿಯ ಮುಂದೆ ನಿಂತ ಮನುಷ್ಯನನ್ನೇ ಶನಿವಾರ ಆ ಮಕ್ಕಳ ತಂದೆಯರು ವ್ಯಾಲಿ ಪೆರೇಡ್ ಮೈದಾನದಲ್ಲಿ ಕೆಂಗಂದು ಹಳದಿಯ ಅಂಗಿಯಲ್ಲಿ ಕಾಣುತ್ತಿದ್ದರು. ಕ್ಲಬ್ಬು ಹುಟ್ಟಿ ಐದೇ ವರ್ಷವಾಗಿತ್ತು. ಮ್ಯಾನಿಂಗ್‌ಹ್ಯಾಮ್ ಎಂಬ ರಗ್ಬಿ ಕ್ಲಬ್ಬು ಹಣದ ಮುಗ್ಗಟ್ಟಿನಿಂದ ಆಟವನ್ನೇ ಬದಲಾಯಿಸಿಕೊಂಡು, ಒಂದು ಪಂದ್ಯವನ್ನೂ ಆಡುವ ಮುನ್ನ 1903ರಲ್ಲಿ ಫುಟ್‌ಬಾಲ್ ಲೀಗಿನ ಸದಸ್ಯತ್ವ ಪಡೆದುದೇ ಅದರ ಮೂಲಚರಿತ್ರೆ. ಲಿಂಟಟ್ ಬಂದ ವರ್ಷ ಅದು ಪ್ರಥಮ ದರ್ಜೆಗೆ ಆಗತಾನೆ ಏರಿ, ಮತ್ತೆ ಕೆಳಗೆ ಬೀಳುವ ಅಂಚಿನಲ್ಲಿದ್ದು, ಕಡೆಯ ಪಂದ್ಯದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು 1-0ರಿಂದ ಸೋಲಿಸಿ ಉಳಿದುಕೊಂಡಿತು.

ಇಲ್ಲಿಂದಲೇ ಲಿಂಟಟ್ಟನು ಇಂಗ್ಲೆಂಡಿನ ಪರವಾಗಿ ಇನ್ನೂ ನಾಲ್ಕು ಪಂದ್ಯಗಳನ್ನಾಡಿದನು: 1909ರಲ್ಲಿ ಐರ್ಲೆಂಡಿನ ಮೇಲೂ ಸ್ಕಾಟ್ಲೆಂಡಿನ ಮೇಲೂ ಒಂದೊಂದು, ಮೇ ತಿಂಗಳ ಕೊನೆಯಲ್ಲಿ ಬುಡಾಪೆಸ್ಟಿನಲ್ಲಿ ಹಂಗೆರಿಯ ಮೇಲೆ ಎರಡು. ನಾಲ್ಕರಲ್ಲಿಯೂ ಗೆಲವು, ಹಂಗೆರಿಯನ್ನು 4-2ರಿಂದಲೂ 8-2ರಿಂದಲೂ ಸೋಲಿಸಿದರು. ಒಟ್ಟು ಏಳು ಪಂದ್ಯಗಳಿಗೆ ಈತನ ಪ್ರಧಾನ ತಂಡದ ಲೆಕ್ಕ ಮುಗಿಯುವುದು. 1911ರಲ್ಲಿ ಬ್ರಾಡ್‌ಫರ್ಡ್ ಸಿಟಿ ತಂಡವು ನ್ಯೂಕಾಸಲನ್ನು ಮರುಪಂದ್ಯದಲ್ಲಿ 1-0ರಿಂದ ಸೋಲಿಸಿ ಎಫ್.ಎ. ಕಪ್ ಗೆದ್ದಿತು, ಆದರೆ ಆ ಹನ್ನೊಂದು ಮಂದಿಯಲ್ಲಿ ಲಿಂಟಟ್ ಇರಲಿಲ್ಲ. ಬ್ರಾಡ್‌ಫರ್ಡಿನಲ್ಲಿ ಆತನು ಹೆಸರು ಉಳಿಸಿದುದು ಮೈದಾನದಲ್ಲಿ ಎನ್ನುವುದಕ್ಕಿಂತ ಸಭಾಮಂಟಪದಲ್ಲಿ ಎನ್ನುವುದು ಹೆಚ್ಚು ಸತ್ಯ.

ಆಟಗಾರರ ಸಂಘ ಸ್ಥಾಪನೆಯಾದುದು 1907ರ ಡಿಸೆಂಬರ್ 2ರಂದು, ಮ್ಯಾಂಚೆಸ್ಟರಿನ ಇಂಪೀರಿಯಲ್ ಹೋಟೆಲಿನಲ್ಲಿ. ಅದರ ಪ್ರಾಣವಾಗಿದ್ದವರು ವೇಲ್ಸಿನ ಗಣಿಯಿಂದ ಬಂದ ಬಿಲ್ಲಿ ಮೆರಿಡಿತ್ ಮತ್ತು ಆತನ ತಂಡದ ಜೊತೆಗಾರ ಚಾರ್ಲಿ ರಾಬರ್ಟ್ಸ್. ವೇತನದ ಮಿತಿಯನ್ನು ಎತ್ತಿಹಾಕಬೇಕು, ಕರಾರು ಮುಗಿದವನಿಗೆ ಬಿಡುಗಡೆಯಿರಬೇಕು, ಗಾಯಗೊಂಡವನಿಗೆ ಪರಿಹಾರ ಸಿಗಬೇಕು ಎಂಬುವು ಅದರ ಬೇಡಿಕೆಗಳು. ಕಡೆಯದರಲ್ಲಿ ಕಾನೂನು ಅದರ ನೆರವಿಗೆ ಬಂದಿತು. 1906ರ ಕಾರ್ಮಿಕ ಪರಿಹಾರ ಶಾಸನದ ಅರ್ಥದಲ್ಲಿ ಫುಟ್‌ಬಾಲ್ ಆಟಗಾರನು ಕಾರ್ಮಿಕನೇ ಎಂಬ ಪ್ರಶ್ನೆ ನ್ಯಾಯಾಲಯಕ್ಕೆ ಹೋದಾಗ, ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ಬಿನ ಆಟಗಾರನೊಬ್ಬನ ಮೊಕದ್ದಮೆಯಲ್ಲಿ, ಹೌದು, ಆಟವು ಅವನಿಗೆ ವಿನೋದವಲ್ಲ, ಯಜಮಾನನ ಆಜ್ಞೆಯಂತೆ ಮಾಡುವ ಚಾಕರಿ ಎಂದು ಮೇಲ್ಮನವಿಯ ನ್ಯಾಯಾಧೀಶರು ತೀರ್ಮಾನಿಸಿದರು. ಉಳಿದೆರಡು ಬೇಡಿಕೆಗಳ ದಾರಿ ಮುಳ್ಳಿನದು. 1909ರಲ್ಲಿ ಸಂಘವು ಇತರ ಕಾರ್ಮಿಕ ಸಂಘಗಳ ಒಕ್ಕೂಟಕ್ಕೆ ಸೇರಹೊರಟಾಗ, ಸಂಘವನ್ನು ಬಿಡದ ಆಟಗಾರರನ್ನು ಆಟದಿಂದಲೇ ಹೊರಗಿಡುವೆವೆಂದು ಫುಟ್‌ಬಾಲ್ ಅಸೋಸಿಯೇಷನ್ ಬೆದರಿಸಿತು. ಬಹುಮಂದಿ ಹೆದರಿ ಹಿಂಜರಿದರು. ಮ್ಯಾಂಚೆಸ್ಟರ್ ಯುನೈಟೆಡ್ಡಿನ ಆಟಗಾರರು ಮಾತ್ರ ಜಗ್ಗದೆ, ತಮ್ಮನ್ನು ಬಹಿಷ್ಕೃತರ ತಂಡವೆಂದು ತಾವೇ ಕರೆದುಕೊಂಡು ಛಾಯಾಚಿತ್ರ ತೆಗೆಸಿಕೊಂಡರು. ಆಗಸ್ಟ್ ಕೊನೆಯಲ್ಲಿ ರಾಜಿಯಾಯಿತು: ಸಂಘಕ್ಕೆ ಮಾನ್ಯತೆ ದೊರೆಯಿತು, ಒಕ್ಕೂಟದ ಸಂಬಂಧ ಹರಿಯಿತು, ವೇತನದ ಮಿತಿಯಂತೂ ಹಾಗೆಯೇ ನಿಂತಿತು.

ಈ ಕಲಹದ ಅನಂತರದ ಕಾಲದಲ್ಲಿ ಸಂಘದ ಅಧ್ಯಕ್ಷಪೀಠವನ್ನು ವಹಿಸಿದವನು ಲಿಂಟಟ್. ಆಯ್ಕೆಯ ಔಚಿತ್ಯ ಸುಲಭವಾಗಿ ಗೊತ್ತಾಗುತ್ತದೆ. ಹನ್ನೆರಡು ಹದಿಮೂರರ ವಯಸ್ಸಿಗೇ ಶಾಲೆ ಬಿಟ್ಟು ಗಣಿ ಗಿರಣಿಗಳನ್ನು ಸೇರಿದವರು ತುಂಬಿದ್ದ ಸಮೂಹದಲ್ಲಿ ಕಾಗದ ಬರೆಯಬಲ್ಲ, ಕಟ್ಟಳೆಗಳನ್ನು ಓದಿ ಅರ್ಥಮಾಡಿಕೊಳ್ಳಬಲ್ಲ, ಅಸೋಸಿಯೇಷನ್ನಿನ ಗೃಹಸ್ಥರ ಮುಂದೆ ಅವರದೇ ಭಾಷೆಯಲ್ಲಿ ನಿಂತು ಮಾತನಾಡಬಲ್ಲ ಮನುಷ್ಯ ಬೇಕಾಗಿದ್ದನು. ಸಂಘಟನೆಯ ಪಾಠವೂ ಉಪಾಧ್ಯಾಯರಿಗೆ ಹೊಸದಲ್ಲ; ಇಂಗ್ಲೆಂಡಿನ ಪ್ರಾಥಮಿಕ ಶಾಲೆಯ ಉಪಾಧ್ಯಾಯರ ರಾಷ್ಟ್ರೀಯ ಸಂಘ 1870ರಷ್ಟು ಹಿಂದೆಯೇ ಸ್ಥಾಪಿತವಾಗಿದ್ದಿತು. ಆಟಗಾರರ ಸಂಘದಲ್ಲಿ ಪ್ರಮುಖನಾಗಿದ್ದ ನ್ಯೂಕಾಸಲಿನ ಕಾಲಿನ್ ವೀಚ್ ಕೂಡ ಉಪಾಧ್ಯಾಯ ವೃತ್ತಿಗಾಗಿ ಓದುತ್ತಿದ್ದವನೇ. ಓದಿಗೆ ಕುಂದು ಬಾರದಿರಲೆಂದು ಆರಂಭದಲ್ಲಿ ಹ್ಯಾಮಿಲ್ಟನ್ ಎಂಬ ಸುಳ್ಳು ಹೆಸರಿನಲ್ಲಿ ಆಡಿದ್ದನು. ಮೇಷ್ಟ್ರುಗಳು ಮುಂದಾಳುಗಳಾದ ಮಾತ್ರಕ್ಕೆ ಸಂಘವು ಗೆದ್ದುಬಿಡಲಿಲ್ಲ. 1912ರಲ್ಲಿ ಕಿಂಗಬಿ ಎಂಬ ಆಟಗಾರನ ಪರವಾಗಿ ಆಸ್ಟನ್ ವಿಲ್ಲಾ ಕ್ಲಬ್ಬಿನ ಮೇಲೆ ಹೂಡಿದ ವರ್ಗಾವಣೆಯ ಮೊಕದ್ದಮೆ ಸೋತು, ಅದರ ವೆಚ್ಚದಿಂದ ಸಂಘ ದಿವಾಳಿಯ ಅಂಚಿಗೆ ಬಂದಿತು.

1912ರ ಬೇಸಗೆಯಲ್ಲಿ ಲಿಂಟಟ್ ಪಕ್ಕದ ಲೀಡ್ಸ್ ನಗರದ ಲೀಡ್ಸ್ ಸಿಟಿ ಕ್ಲಬ್ಬಿಗೆ ಹೋದನು. ಅಲ್ಲಿಗೆ ಆಗತಾನೆ ವ್ಯವಸ್ಥಾಪಕನಾಗಿ ಬಂದಿದ್ದವನು ಹರ್ಬರ್ಟ್ ಚಾಪ್‌ಮನ್. ಮುಂದೆ ಹಡರ್ಸ್‌ಫೀಲ್ಡನ್ನೂ ಆರ್ಸೆನಲನ್ನೂ ಶಿಖರಕ್ಕೇರಿಸಿ ವಿಖ್ಯಾತನಾದ ಮನುಷ್ಯ. ಹೊಸದಾಗಿ ಬಂದ ಮೂವರು ಆಟಗಾರರಿಗೆ, ಅವರಲ್ಲಿ ಲಿಂಟಟ್ಟನೂ ಒಬ್ಬ, ಕರಾರಿನ ವರ್ಷದಲ್ಲಿ ಉಳಿದಿದ್ದ ತಿಂಗಳುಗಳಿಗೇ ಪೂರ್ಣ ವರ್ಷದ ವೇತನವನ್ನು ಕೊಡುವುದಾಗಿ ಕ್ಲಬ್ಬು ಒಪ್ಪಿದ್ದರಿಂದ, ವಾರದ ಲೆಕ್ಕದಲ್ಲಿ ಅದು 4 ಪೌಂಡಿನ ಮಿತಿಯನ್ನು ದಾಟಿತು. ಕ್ಲಬ್ಬು ದಂಡ ತೆರಬೇಕಾಯಿತು. ಆ ಮಿತಿಯ ವಿರುದ್ಧ ಹೋರಾಡುವ ಸಂಘದ ಮುಂದಾಳಾಗಿದ್ದವನೇ ಅದನ್ನು ಮೀರಿದ ಸಂಬಳದ ಪ್ರಕರಣದಲ್ಲಿ ಸಿಕ್ಕಿಕೊಂಡುದು ವಿನೋದದ ಸಂಗತಿಯೇ ಸರಿ. ತಂಡವು ಎರಡನೆಯ ದರ್ಜೆಯಲ್ಲಿ 1913ರಲ್ಲಿ ಆರನೆಯ, 1914ರಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಲಿಂಟಟ್ ಲೀಡ್ಸಿಗೆ ಸುಮಾರು ನಲವತ್ತು ಲೀಗ್ ಪಂದ್ಯಗಳನ್ನಾಡಿದನು. ಕ್ಲಬ್ಬಿನ ಆಯುಸ್ಸೂ ದೀರ್ಘವಾಗಲಿಲ್ಲ: ಯುದ್ಧಕಾಲದಲ್ಲಿ ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟಿತೆಂಬ ಆಪಾದನೆಯ ವಿಚಾರಣೆಗೆ ಲೆಕ್ಕಪುಸ್ತಕಗಳನ್ನು ಒಪ್ಪಿಸದ ಕಾರಣ 1919ರಲ್ಲಿ ಅದನ್ನು ಲೀಗಿನಿಂದ ಹೊರಹಾಕಿ, ಅದರ ಆಟಗಾರರನ್ನು ಹೋಟೆಲೊಂದರಲ್ಲಿ ಹರಾಜು ಹಾಕಿದರು.

1914ರ ಆಗಸ್ಟಿನಲ್ಲಿ ಯುದ್ಧ ಆರಂಭವಾದಾಗ ಲೀಗ್ ಪಂದ್ಯಗಳು ನಿಲ್ಲಲಿಲ್ಲ. ಯುವಕರು ಸೈನ್ಯಕ್ಕೆ ಸೇರಬೇಕಾದ ಹೊತ್ತಿನಲ್ಲಿ ಸಂಬಳ ಪಡೆದು ಚೆಂಡು ಒದೆಯುತ್ತಿದ್ದಾರೆಂದು ಪತ್ರಿಕೆಗಳೂ ಪಾದ್ರಿಗಳೂ ವೃತ್ತಿಪರ ಆಟಗಾರರನ್ನು ಬಾಯಿಗೆ ಬಂದಂತೆ ಹಳಿದರು. ಆ ಕೂಗಾಟಕ್ಕೆ ಉತ್ತರವೆಂಬಂತೆ ಫುಟ್‌ಬಾಲ್ ಆಟಗಾರರ ಪ್ರತ್ಯೇಕ ದಳವೊಂದು ಡಿಸೆಂಬರಿನಲ್ಲಿ ಏರ್ಪಡುವ ಮುನ್ನವೇ, ಸೆಪ್ಟೆಂಬರಿನಲ್ಲಿ, ಲಿಂಟಟ್ ಲೀಡ್ಸ್ ನಗರವು ಕಟ್ಟಿದ ವೆಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ 15ನೆಯ ಪಡೆಯನ್ನು ಸೇರಿದ್ದನು. ಒಂದೇ ಊರಿನ, ಒಂದೇ ಕಚೇರಿಯ, ಒಂದೇ ಕ್ಲಬ್ಬಿನ ಗೆಳೆಯರು ಜೊತೆಯಾಗಿ ಸೇರಿ ಜೊತೆಯಾಗಿಯೇ ಇರಬಹುದೆಂಬ ಭರವಸೆಯ ಮೇಲೆ ಹುಟ್ಟಿದ ಪಡೆಗಳಲ್ಲಿ ಇದೂ ಒಂದು. ಕೋಲ್ಸ್ಟರ್‌ಡೇಲಿನ ಬೆಟ್ಟದ ಬಯಲಿನಲ್ಲಿ ಶಿಕ್ಷಣ ನಡೆಯಿತು. ಬೇಗನೆ ಸಾರ್ಜೆಂಟನಾಗಿ, ಅನಂತರ ಅಧಿಕಾರಿಯ ಪದವಿಗೇರಿ ಲೆಫ್ಟಿನೆಂಟನಾದನು; ವೃತ್ತಿಪರ ಫುಟ್‌ಬಾಲ್ ಆಟಗಾರರಲ್ಲಿ ಸೇನೆಯ ಅಧಿಕಾರಪತ್ರ ಪಡೆದವರಲ್ಲಿ ಮೊದಲಿಗನೆಂದು ಈತನನ್ನು ಹೆಸರಿಸುವುದುಂಟು. ಮೈದಾನದಲ್ಲಿ ಗೃಹಸ್ಥನೆಂಬ ಹೆಸರನ್ನು ಬಿಟ್ಟುಕೊಟ್ಟವನಿಗೆ ಸೈನ್ಯವು ಅದನ್ನು ರಾಜನ ಮುದ್ರೆಯೊಡನೆ ಹಿಂದಿರುಗಿಸಿತು.

1915ರ ಡಿಸೆಂಬರಿನಲ್ಲಿ ಪಡೆಯನ್ನು ಸೂಯೆಜ್ ಕಾಲುವೆಯ ರಕ್ಷಣೆಗಾಗಿ ಈಜಿಪ್ಟಿಗೆ ಕಳುಹಿಸಿದರು. ಮೈಸೂರು ಸಂಸ್ಥಾನದ ಅಶ್ವದಳವೂ ಆ ಕಾಲುವೆಯ ಕಾವಲಿಗೆ ಅದಕ್ಕೆ ಮೊದಲೇ ಹೋಗಿದ್ದಿತು. ಮರುವರ್ಷದ ಮಾರ್ಚಿನಲ್ಲಿ ಪಡೆಯು ಫ್ರಾನ್ಸಿಗೆ ಬಂದಿತು. ಜುಲೈ 1ರ ಬೆಳಗ್ಗೆ ಸೊಮ್ ನದಿಯ ಪ್ರಾಂತ್ಯದಲ್ಲಿ ಮಹಾದಾಳಿ ಆರಂಭವಾದಾಗ ಲೀಡ್ಸಿನವರಿಗೆ ಒಪ್ಪಿಸಿದ ಗುರಿ ಸೆರ್ ಎಂಬ ಹಳ್ಳಿ. ವಾರದ ಕಾಲ ಸುರಿಸಿದ ತೋಪಿನ ಗುಂಡುಗಳಿಂದ ಶತ್ರುವಿನ ಮುಳ್ಳುತಂತಿಯೂ ಮೆಷಿನ್ ಗನ್ನುಗಳೂ ನಾಶವಾಗಿವೆಯೆಂಬ ನಂಬಿಕೆ ಸುಳ್ಳಾಯಿತು. ಕಂದಕದಿಂದ ಮೇಲೆದ್ದವರು ಬಹುಮಟ್ಟಿಗೆ ತಮ್ಮ ಕಡೆಯ ತಂತಿಯ ಹತ್ತಿರದಲ್ಲಿಯೇ ಉರುಳಿದರು. ಲಿಂಟಟ್ ತನ್ನವರನ್ನು ಮುಂದಕ್ಕೆ ಕರೆದೊಯ್ಯುತ್ತ, ಗಾಯವಾದ ಮೇಲೂ ನಿಲ್ಲದೆ, ಮೆಷಿನ್ ಗನ್ನಿನ ಗುಂಡು ಎದೆಗೆ ತಗುಲಿ ಬಿದ್ದನೆಂದು ಪಡೆಯ ಸೈನಿಕನೊಬ್ಬನು ಬರೆದ ಕಾಗದದಿಂದ ತಿಳಿದುಬರುತ್ತದೆ. ಅದೇ ಪಡೆಯ ಅಧಿಕಾರಿ, ಯಾರ್ಕ್‌ಷೈರಿಗೂ ಇಂಗ್ಲೆಂಡಿಗೂ ಕ್ರಿಕೆಟ್ ಆಡಿದ ಮೇಜರ್ ಬೂತ್ ಕೂಡ ಅದೇ ದಿನ, ಅದೇ ಹಳ್ಳಿಯ ಮುಂದೆ ಮಡಿದನು. ಮೇಜರ್ ಎಂಬುದು ಆತನ ಪದವಿಯಲ್ಲ, ತಂದೆತಾಯಿ ಇಟ್ಟ ಹೆಸರು. ಆ ಒಂದು ದಿನದಲ್ಲಿ ಬ್ರಿಟಿಷ್ ಸೈನ್ಯದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 57,470 ಮಂದಿ, ಸತ್ತವರೇ 19,240. ಬ್ರಾಡ್‌ಫರ್ಡಿಗೆ ಕಪ್ ಗೆದ್ದುಕೊಟ್ಟ ಗೋಲು ಹೊಡೆದು, ಲೀಡ್ಸ್ ಸಿಟಿಯಲ್ಲಿ ಲಿಂಟಟ್ಟನೊಡನೆ ಆಡಿದ ಜಿಮ್ಮಿ ಸ್ಪಿಯರ್ಸನೂ ಮರುವರ್ಷದ ಆಗಸ್ಟಿನಲ್ಲಿ ಬೆಲ್ಜಿಯಮ್ಮಿನ ರಣರಂಗದಲ್ಲಿ ಹತನಾದನು.

ಲಿಂಟಟ್ಟನ ದೇಹಕ್ಕೆ ಗುರುತಿನ ಸಮಾಧಿಯಿಲ್ಲ. ಸೊಮ್ ಪ್ರಾಂತ್ಯದಲ್ಲಿ ಮಡಿದು ಸಮಾಧಿ ಕಾಣದ ಎಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಕೊರೆದಿರುವ, 1932ರ ಆಗಸ್ಟ್ 1ರಂದು ಉದ್ಘಾಟಿತವಾದ ಟಿಯೆಪ್ವಾಲ್ ಸ್ಮಾರಕದ ಮೇಲೆ ಈತನ ಹೆಸರಿದೆ. ಅದನ್ನು ರಚಿಸಿದ ವಾಸ್ತುಶಿಲ್ಪಿ ಹೊಸದೆಹಲಿಯ ರಾಷ್ಟ್ರಪತಿ ಭವನವನ್ನು ನಿರ್ಮಿಸಿದ ಎಡ್ವಿನ್ ಲಟ್ಯೆನ್ಸ್. ಆತನಿಗೆ ಕೀರ್ತಿ ತಂದ ಮೊದಲ ಮನೆಗಳಲ್ಲೊಂದು ಲಿಂಟಟ್ ಹುಟ್ಟಿದ ಗೊಡಾಲ್ಮಿಂಗಿನ ಅಂಚಿನಲ್ಲಿಯೇ ಇರುವುದು.

ಲಿಂಟಟ್ಟನು ಅಧ್ಯಕ್ಷನಾಗಿದ್ದ ಸಂಘವು ಇಂದಿಗೂ ವೃತ್ತಿಪರ ಫುಟ್‌ಬಾಲ್ ಆಟಗಾರರ ಸಂಘವೆಂಬ ಹೆಸರಿನಲ್ಲಿ ಉಳಿದುಬಂದಿದೆ. ಆತನ ಕಾಲದಲ್ಲಿ ಅದು ಕೈಗೆತ್ತಿಕೊಂಡ ವೇತನಮಿತಿಯ ವ್ಯಾಜ್ಯ ಮುಗಿದುದು 1961ರ ಜನವರಿಯಲ್ಲಿ, ವಾರಕ್ಕೆ 20 ಪೌಂಡಿಗೆ ಏರಿದ್ದ ಮಿತಿಯನ್ನು ಆಟಗಾರರ ಮುಷ್ಕರದ ಬೆದರಿಕೆಗೆ ಮಣಿದು ಲೀಗು ತೆಗೆದುಹಾಕಿದಾಗ. ಹವ್ಯಾಸಿಗಳೆಂದೂ ವೃತ್ತಿಪರರೆಂದೂ ಆಟಗಾರರನ್ನು ವಿಂಗಡಿಸುವ ಪದ್ಧತಿಯನ್ನೇ ಫುಟ್‌ಬಾಲ್ ಅಸೋಸಿಯೇಷನ್ 1974ರಲ್ಲಿ ರದ್ದುಗೊಳಿಸಿತು.